ವಾರಕ್ಕೊಂದು ಲೈಬ್ರರಿ ಪೀರಿಯಡ್: ಆ 40 ನಿಮಿಷಕ್ಕೆ ಯಾವುದನ್ನು ಆರಿಸಲಿ?

ಜೂನ್ ಬಂತೆಂದರೆ ಒಂದೇ ಥರದ ಫೋನು ಶುರುವಾಗುತ್ತದೆ. "ಮೇಡಂ, ಈ ವರ್ಷ ಲೈಬ್ರರಿ ನನ್ನ ತಲೆಗೆ ಬಂದಿದೆ. ವಾರಕ್ಕೊಂದು ಪೀರಿಯಡ್ ಕೊಟ್ಟಿದ್ದಾರೆ. ಏನು ಮಾಡಿಸೋದು?" ಕೇಳುವವರಿಗೆ ದಾರಿ ಗೊತ್ತಿಲ್ಲ ಅಂತಲ್ಲ. ದಾರಿ ಜಾಸ್ತಿ ಆಗಿರುವುದೇ ತೊಂದರೆ. ತರಬೇತಿಯಲ್ಲಿ ಗಟ್ಟಿ ಓದು ಅಂದರು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದಾಗ ಗೋಡೆ ಪತ್ರಿಕೆ ಎಲ್ಲಿ ಅಂತ ಕೇಳಿದರು. ಪಕ್ಕದ ಊರಿನ ಶಾಲೆಯವರು ವಾಟ್ಸಾಪಿನಲ್ಲಿ ನಾಟಕದ ಫೋಟೋ ಹಾಕಿದರು. ಇರುವುದು 40 ನಿಮಿಷ. ಅದರಲ್ಲಿ ಐದು ನಿಮಿಷ ಚಪ್ಪಲಿ ಬಿಟ್ಟು ಒಳಗೆ ಬಂದು ಜಗಳ ಆಡದೆ ಕೂರುವುದರಲ್ಲೇ ಹೋಗುತ್ತದೆ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಏಳನೇ ತರಗತಿ. ನಮ್ಮ ಗ್ರಂಥಾಲಯ ಅಂದರೆ ಒಂದು ಕಬ್ಬಿಣದ ಬೀರು, ಒಂದು ಜಮಖಾನ, ಕಿಟಕಿಯಿಂದ ಕಿಟಕಿಗೆ ಕಟ್ಟಿದ ಒಂದು ಹಗ್ಗ. ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ಪುಸ್ತಕ ನೇತಾಡುತ್ತಿರುತ್ತವೆ. ಕೆಳಗೆ ಬರೆದಿರುವ ಎಲ್ಲ ದಾರಿಗಳನ್ನೂ ಒಂದಲ್ಲ ಒಂದು ವರ್ಷ ಹಿಡಿದು ನೋಡಿದ್ದೇನೆ. ಕೆಲವನ್ನು ನಡುವೆಯೇ ಬಿಟ್ಟಿದ್ದೇನೆ.

ಆರಿಸುವ ಮೊದಲು ಏನನ್ನು ನೋಡಬೇಕು

ಒಂದು ಚಟುವಟಿಕೆ ಒಳ್ಳೆಯದಾ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಎಲ್ಲವೂ ಒಳ್ಳೆಯವೇ. ನಮ್ಮ ಮಕ್ಕಳಿಗೆ, ನಮ್ಮ ಬೀರುವಿಗೆ, ನಮ್ಮ ಪುರುಸೊತ್ತಿಗೆ ಹೊಂದುತ್ತದಾ ಅಂತ ಕೇಳಬೇಕು.

ನಾನು ಮೊದಲು ನೋಡುವುದು: ಆ 40 ನಿಮಿಷದಲ್ಲಿ ಎಷ್ಟು ಮಕ್ಕಳ ಕಣ್ಣು, ಎಷ್ಟು ಹೊತ್ತು ಅಕ್ಷರದ ಮೇಲೆ ಇತ್ತು? ಇದನ್ನು ಕಲಿತದ್ದು ಒಂದು ಪೆಟ್ಟು ತಿಂದ ಮೇಲೆ. ಒಂದು ವರ್ಷ ಕಥೆಯೊಂದನ್ನು ನಾಟಕ ಮಾಡಿಸಿದೆ. ನಾಲ್ಕು ವಾರ ತಾಲೀಮು. ಮಾತು ಬಾರದ ಒಬ್ಬಳು ಹುಡುಗಿಗೆ ಮರದ ಪಾತ್ರ ಕೊಟ್ಟಿದ್ದೆ. ನಾಟಕ ಚೆನ್ನಾಗಿಯೇ ಆಯಿತು, ಊರವರು ಚಪ್ಪಾಳೆ ತಟ್ಟಿದರು. ಆಮೇಲೆ ಲೆಕ್ಕ ಹಾಕಿದೆ. ಆ ಹುಡುಗಿ ನಾಲ್ಕು ಲೈಬ್ರರಿ ಪೀರಿಯಡ್ ಕೈ ಎತ್ತಿಕೊಂಡು ನಿಂತಿದ್ದಳು. ಒಂದು ಪುಟವನ್ನೂ ತಿರುವಿರಲಿಲ್ಲ.

ಎರಡನೆಯದು, ಓದಲು ಬಾರದ ಮಗುವಿಗೆ ಅಲ್ಲಿ ಜಾಗ ಇದೆಯಾ? ಯಾವ ತರಗತಿಯಲ್ಲಾದರೂ ಮೂರು ಥರದವರು ಇರುತ್ತಾರೆ. ಸರಾಗವಾಗಿ ಓದುವವರು, ಕಾಗುಣಿತ ಬಂದರೂ ಒತ್ತಕ್ಷರಕ್ಕೆ ಬಂದು ಮುಗ್ಗರಿಸುವವರು, ಚಿತ್ರ ನೋಡಿ ಪುಟ ತಿರುವುವವರು. ನಾವು ಆರಿಸುವ ಚಟುವಟಿಕೆ ಮೊದಲನೆಯವರಿಗೆ ಮಾತ್ರ ಹಬ್ಬ ಆಗಿರಬಾರದು.

ಮೂರನೆಯದು ಪುಸ್ತಕದ ಸಂಖ್ಯೆ, ಅಂದರೆ ದುಡ್ಡು. ಒಂದೇ ಪುಸ್ತಕ ಸಾಕಾ, ತಲೆಗೊಂದು ಬೇಕಾ, ಇಲ್ಲ ತಲೆಗೆ ಮೂರು ಇದ್ದರೆ ಮಾತ್ರ ನಡೆಯುತ್ತದಾ?

ನಾಲ್ಕನೆಯದನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಮುಂದಿನ ವಾರವೂ ಇದನ್ನು ಮಾಡುವ ಚೈತನ್ಯ ನನಗೆ ಇರುತ್ತದಾ? ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಚುನಾವಣೆ ಕೆಲಸ, ಮೀಟಿಂಗು. ಎರಡು ಗಂಟೆ ತಯಾರಿ ಬೇಡುವ ಚಟುವಟಿಕೆ ಜುಲೈವರೆಗೆ ನಡೆಯುತ್ತದೆ, ಆಗಸ್ಟಿಗೆ ನಿಂತು ಹೋಗುತ್ತದೆ. ಇದರ ಜೊತೆಗೇ ಸೇರಿಕೊಳ್ಳುವ ಪ್ರಶ್ನೆ, ನಾನು ಒಂದು ದಿನ ಶಾಲೆಗೆ ಬರದಿದ್ದರೂ ಇದು ನಡೆಯುತ್ತದಾ ಅನ್ನುವುದು.

ಇನ್ನೊಂದು ಮಾತು. ವಾರಕ್ಕೊಂದು ಹೊಸ ಚಟುವಟಿಕೆ ಇರಬೇಕು ಅನ್ನುವ ಹುರುಪು ಬೇಡ. 2022ರ ಜನವರಿ 1ರಿಂದ ಕೇಂದ್ರ ಶಿಕ್ಷಣ ಸಚಿವಾಲಯ 100 ದಿನಗಳ ಓದುವ ಅಭಿಯಾನ ನಡೆಸಿತ್ತಲ್ಲ, ಅದರಲ್ಲಿ 14 ವಾರಕ್ಕೆ ವಾರಕ್ಕೊಂದರಂತೆ ಚಟುವಟಿಕೆ ಕೊಟ್ಟಿದ್ದರು. ಬಾಲವಾಟಿಕೆಯಿಂದ, ಅಂದರೆ ಒಂದನೇ ತರಗತಿಗೆ ಮುಂಚಿನ ವರ್ಷದಿಂದ, ಎಂಟನೇ ತರಗತಿವರೆಗಿನ ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಅಭಿಯಾನಕ್ಕೆ ಅದು ಸರಿ. ಆದರೆ ವರ್ಷಪೂರ್ತಿ ಹಾಗೆ ಮಾಡಿದರೆ ಮಕ್ಕಳು ಪ್ರತಿ ವಾರ ಹೊಸ ಆಟದ ನಿಯಮ ಕಲಿಯುವುದರಲ್ಲೇ ಇರುತ್ತಾರೆ. ಒಂದನ್ನು ಹಿಡಿದರೆ ಕಡಿಮೆ ಅಂದರೂ ಎಂಟು ವಾರ ಬಿಡಬೇಡಿ. ಮೊದಲ ಮೂರು ವಾರ ಗಲಾಟೆ ಇರುತ್ತದೆ. ನಾಲ್ಕನೇ ವಾರದಿಂದ ಮಕ್ಕಳೇ ಅದನ್ನು ನಡೆಸುತ್ತಾರೆ.

ಟೀಚರ್ ಗಟ್ಟಿಯಾಗಿ ಓದುವುದು

ದುಡ್ಡಿಲ್ಲದ ಶಾಲೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದು ಪುಸ್ತಕ ಸಾಕು. ಓದು ಬಾರದ ಮಗುವಿಗೂ ಸರಾಗವಾಗಿ ಓದುವ ಮಗುವಿಗೂ ಒಂದೇ ಜಮಖಾನದಲ್ಲಿ ಜಾಗ ಇದೆ. ಹಿಂದಿನ ರಾತ್ರಿ ಒಂದು ಸಲ ಓದಿಕೊಂಡು, ಎಲ್ಲಿ ನಿಲ್ಲಿಸಿ "ಮುಂದೇನಾಗಬಹುದು?" ಅಂತ ಕೇಳಬೇಕು ಅನ್ನುವುದಕ್ಕೆ ಪೆನ್ಸಿಲ್ ಗುರುತು ಹಾಕಿಕೊಂಡರೆ ತಯಾರಿ ಮುಗಿಯಿತು.

ಇಲ್ಲಿ ಬಹಳ ಜನ ಎಡವುವುದು ಓದುವುದಕ್ಕೂ ಹೇಳುವುದಕ್ಕೂ ಇರುವ ವ್ಯತ್ಯಾಸದಲ್ಲಿ. ಪುಸ್ತಕ ಕೈಯಲ್ಲಿ ಹಿಡಿದುಕೊಂಡು ತಮ್ಮ ಮಾತಿನಲ್ಲಿ ಕಥೆ ಹೇಳಿಬಿಡುತ್ತಾರೆ. ಕಥೆ ಹೇಳುವುದು ದೊಡ್ಡ ಕಲೆ, ನಾನು ಬೇಡ ಅನ್ನುವುದಿಲ್ಲ. ಆದರೆ ಗಟ್ಟಿ ಓದಿನ ಲಾಭ ಬೇರೆ. ನಮ್ಮ ಮಕ್ಕಳು ಮನೆಯಲ್ಲಿ "ಹೋಗ್ತಾನೆ" ಅಂತಲೋ "ಹೊಕ್ಕಾನ" ಅಂತಲೋ ಕೇಳಿರುತ್ತಾರೆ. ಪುಸ್ತಕದಲ್ಲಿ "ಹೋಗುತ್ತಾನೆ" ಅಂತ ಇರುತ್ತದೆ. ಈ ಪುಸ್ತಕದ ಕನ್ನಡ ಮೊದಲು ಕಿವಿಗೆ ಬೀಳಬೇಕು. ಕಿವಿಗೆ ಪರಿಚಯ ಇಲ್ಲದ ಮಾತನ್ನು ಕಣ್ಣು ಓದಲು ಹೋದರೆ ಎರಡು ಪಟ್ಟು ಕಷ್ಟ. ಮನೆಯಲ್ಲಿ ತುಳು, ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳಿಗಂತೂ ಇದು ಬೇಕೇ ಬೇಕು. ಹಾಗಾಗಿ ಇದ್ದುದನ್ನು ಇದ್ದ ಹಾಗೆ ಓದಿ. ಅರ್ಥ ಆಗದ ಪದ ಬಂದರೆ ಒಂದು ಗಳಿಗೆ ನಿಂತು ಊರ ಮಾತಿನಲ್ಲಿ ಹೇಳಿ, ಮತ್ತೆ ಸಾಲಿಗೆ ವಾಪಸ್ ಬನ್ನಿ.

ಕೊರತೆ ಏನು? ಮಕ್ಕಳ ಕಣ್ಣು ಅಕ್ಷರದ ಮೇಲೆ ಇರುವುದಿಲ್ಲ, ನಿಮ್ಮ ಮುಖದ ಮೇಲೆ ಇರುತ್ತದೆ. ಇಪ್ಪತ್ತೈದು ಮಕ್ಕಳವರೆಗೆ ಚಿತ್ರ ಕಾಣುತ್ತದೆ, ನಲವತ್ತಾದರೆ ಹಿಂದಿನವರು "ಮಿಸ್ ಕಾಣ್ತಿಲ್ಲ" ಅಂತ ಮೊಣಕಾಲ ಮೇಲೆ ಏಳುತ್ತಾರೆ. ಶಾಲೆಯಲ್ಲಿ ಟಿವಿ ಅಥವಾ ಪ್ರೊಜೆಕ್ಟರ್ ಇದ್ದರೆ ಇದಕ್ಕೆ ಉಪಾಯ ಇದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ ಹಂತ ಗುರುತು ಹಾಕಿರುತ್ತಾರೆ. ಮುಕ್ತ ಪರವಾನಗಿ ಇರುವುದರಿಂದ ಪರದೆ ಮೇಲೆ ತೋರಿಸಿದರೂ ಪ್ರಿಂಟ್ ತೆಗೆದರೂ ತೊಂದರೆ ಇಲ್ಲ. ಪರದೆ ಮೇಲಾದರೆ ಅಕ್ಷರವೂ ಕಾಣುತ್ತದೆ. ಸಾಲಿನ ಕೆಳಗೆ ಕೋಲು ಓಡಿಸುತ್ತಾ ಓದಿದರೆ ಕಣ್ಣೂ ಅಕ್ಷರದ ಮೇಲೆ ಬರುತ್ತದೆ. ಕರೆಂಟ್ ಇದ್ದರೆ ಅನ್ನುವುದು ಬೇರೆ ಮಾತು.

ನಲಿಕಲಿ ತರಗತಿಗೆ, ಅಂದರೆ ಒಂದರಿಂದ ಮೂರಕ್ಕೆ, ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಆರು-ಏಳನೇ ತರಗತಿಗೂ ಆಗುತ್ತದೆ, ಆದರೆ ಅಲ್ಲಿ ಉದ್ದದ ಕಥೆಯನ್ನು ಧಾರಾವಾಹಿ ಹಾಗೆ ವಾರಕ್ಕಿಷ್ಟು ಓದಬೇಕು. ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಮುಂದಿನ ವಾರದೊಳಗೆ ಇಬ್ಬರಾದರೂ ಆ ಪುಸ್ತಕ ಕೇಳಿಕೊಂಡು ಬರುತ್ತಾರೆ.

ಜೋಡಿ ಓದು

ಐದನೇ ತರಗತಿಯ ಮಗು ಎರಡನೇ ತರಗತಿಯ ಮಗುವಿನ ಪಕ್ಕ ಕೂತು ಓದಿಸುವುದು. ಇಬ್ಬರಿಗೆ ಒಂದು ಪುಸ್ತಕ. ಮೊದಲು ದೊಡ್ಡವರು ಬೆರಳಿಟ್ಟು ಓದುತ್ತಾರೆ, ಆಮೇಲೆ ಚಿಕ್ಕವರು ಅದೇ ಪುಟ ಓದಲು ಪ್ರಯತ್ನಿಸುತ್ತಾರೆ. ಹದಿನೈದು ನಿಮಿಷ ಸಾಕು. ನಲವತ್ತು ಮಕ್ಕಳಿಗೆ ಇಪ್ಪತ್ತು ಪುಸ್ತಕ ಇದ್ದರೆ ನಡೆಯುತ್ತದೆ.

ಅಕ್ಷರದ ಮೇಲೆ ಕಣ್ಣಿಡುವ ಲೆಕ್ಕದಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಎರಡು ಜೊತೆ ಕಣ್ಣು, ಒಂದೇ ಸಾಲಿನ ಮೇಲೆ. ಆದರೆ ನನಗೆ ಇದು ಇಷ್ಟವಾಗುವ ಕಾರಣ ಬೇರೆ. ಆರನೇ ತರಗತಿಗೆ ಬಂದರೂ ಒತ್ತಕ್ಷರ ಓದಲು ಬಾರದ ಹುಡುಗ ಇರುತ್ತಾನಲ್ಲ, ಅವನ ಕೈಗೆ ಒಂದನೇ ತರಗತಿಯ ಚಿತ್ರಪುಸ್ತಕ ಕೊಟ್ಟರೆ ಅವನು ಮುಟ್ಟುವುದಿಲ್ಲ. ಗೆಳೆಯರು ನಗುತ್ತಾರೆ ಅಂತ ನಾಚಿಕೆ. ಅದೇ ಪುಸ್ತಕವನ್ನು "ನೀನು ಶನಿವಾರ ಚಿಕ್ಕವರಿಗೆ ಓದಿಸಬೇಕು, ಎರಡು ದಿನ ಅಭ್ಯಾಸ ಮಾಡ್ಕೋ" ಅಂತ ಕೊಟ್ಟು ನೋಡಿ. ಮನೆಗೆ ಒಯ್ದು ನಾಲ್ಕು ಸಲ ಓದಿಕೊಂಡು ಬರುತ್ತಾನೆ. ಚಿಕ್ಕವನು ಅವನನ್ನು "ಅಣ್ಣಾ" ಅನ್ನುತ್ತಾನೆ. ಓದಿನಲ್ಲಿ ಹಿಂದೆ ಬಿದ್ದ ದೊಡ್ಡ ಮಕ್ಕಳಿಗೆ ಮಾನ ಉಳಿಸಿಕೊಂಡು ಸುಲಭದ ಪುಸ್ತಕ ಓದುವ ದಾರಿ ನನಗೆ ಇದೊಂದೇ ಕಂಡಿದ್ದು.

ತೊಂದರೆಗಳೂ ಇವೆ. ಎರಡು ತರಗತಿಯ ಪೀರಿಯಡ್ ಒಂದೇ ಹೊತ್ತಿಗೆ ಬರಬೇಕು, ಅಂದರೆ ಎಚ್ಚೆಮ್ (ಮುಖ್ಯ ಶಿಕ್ಷಕರು) ಜೊತೆ ಕೂತು ವೇಳಾಪಟ್ಟಿ ಬದಲಿಸಬೇಕು. ಶನಿವಾರ ಬೆಳಗಿನ ಶಾಲೆ ಇದಕ್ಕೆ ಸರಿ ಹೋಗುತ್ತದೆ. ಸದ್ದು ಜಾಸ್ತಿ, ಸಂತೆ ಥರ ಇರುತ್ತದೆ. ಪಕ್ಕದ ಕೊಠಡಿಯವರು ಒಂದೆರಡು ವಾರ ಬೈಯುತ್ತಾರೆ. ಒಂದೇ ಮನೆಯ ಅಣ್ಣ-ತಂಗಿಯನ್ನು ಜೋಡಿ ಮಾಡಬೇಡಿ, ಮನೆಯ ಜಗಳ ಪುಸ್ತಕದ ಮೇಲೆ ಬರುತ್ತದೆ. ಚಿಕ್ಕವರು ತಪ್ಪು ಓದಿದರೆ ತಲೆ ಮೇಲೆ ಮೊಟಕುವ ದೊಡ್ಡವರೂ ಇದ್ದಾರೆ. "ಮೂರು ಎಣಿಸು, ಆಮೇಲೆ ನೀನೇ ಹೇಳು" ಅಂತ ಒಂದು ನಿಯಮ ಮಾಡಿದ ಮೇಲೆ ನಮ್ಮಲ್ಲಿ ಮೊಟಕುವುದು ಕಡಿಮೆಯಾಯಿತು.

ಅವರವರ ಪಾಡಿಗೆ ಓದುವುದು

ಎಲ್ಲರ ಕೈಯಲ್ಲೂ ಅವರೇ ಆರಿಸಿದ ಪುಸ್ತಕ. ಟೀಚರ್ ಕೈಯಲ್ಲೂ ಒಂದು. ಯಾರೂ ಏನೂ ಕೇಳುವುದಿಲ್ಲ, ಪರೀಕ್ಷೆ ಇಲ್ಲ. ನೋಡಲು ಇದು ಎಲ್ಲಕ್ಕಿಂತ ಸುಲಭ. ತಯಾರಿಯೇ ಬೇಡ. ಆದರೆ ಪುಸ್ತಕ ಬೇಡುವುದರಲ್ಲಿ ಇದು ಎಲ್ಲಕ್ಕಿಂತ ದುಬಾರಿ. ಮೂವತ್ತು ಮಕ್ಕಳಿಗೆ ಮೂವತ್ತು ಪುಸ್ತಕ ಇದ್ದರೆ ಕೊನೆಯಲ್ಲಿ ಬಂದವರಿಗೆ ಯಾರೂ ಬೇಡ ಅಂದ ಪುಸ್ತಕವೇ ಉಳಿಯುತ್ತದೆ. ತಲೆಗೆ ಮೂರರಂತೆ ಇದ್ದರೆ ಮಾತ್ರ ಆಯ್ಕೆ ಅನ್ನುವ ಮಾತಿಗೆ ಅರ್ಥ.

ಓದಲು ಬಾರದವರು ಇಲ್ಲಿ ಪುಟ ತಿರುವಿ ತಿರುವಿ ಹತ್ತೇ ನಿಮಿಷಕ್ಕೆ ಎದ್ದು ಬರುತ್ತಾರೆ, "ಮಿಸ್ ಓದಾಯ್ತು" ಅಂತ. ಹಾಗಾಗಿ ಮೂರನೇ ತರಗತಿಯ ಕೆಳಗೆ ಇದನ್ನು ಇಡೀ ಪೀರಿಯಡ್ ಮಾಡಬೇಡಿ. ನಾಲ್ಕನೇ ತರಗತಿಯಿಂದ, ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಓದು ಬರುತ್ತದೆ ಅನ್ನಿಸಿದರೆ ಮಾಡಿ. ಮೊದಲು ಹತ್ತು ನಿಮಿಷ, ದಸರಾ ರಜೆ ಕಳೆಯುವಷ್ಟರಲ್ಲಿ ಇಪ್ಪತ್ತು.

ಕೆಲವರು ಇದನ್ನು ಮೌನ ಓದು ಅನ್ನುತ್ತಾರೆ. ಮೌನ ಅನ್ನುವುದನ್ನು ಅಷ್ಟು ಹಟ ಹಿಡಿಯಬೇಡಿ. ಹೊಸದಾಗಿ ಓದು ಕಲಿತ ಮಗು ತುಟಿ ಅಲ್ಲಾಡಿಸಿ ಗುಸುಗುಸು ಅಂತಲೇ ಓದುವುದು. ಬಾಯಿ ಮುಚ್ಚಿಸಿದರೆ ಓದೂ ನಿಲ್ಲುತ್ತದೆ. "ಹೋಗುತ್ತಾನೆ" ಅಂತ ಇರುವುದನ್ನು ಮಗು "ಹೋಗ್ತಾನೆ" ಅಂತ ಓದಿದರೆ ಅದನ್ನೂ ತಿದ್ದಬೇಡಿ. ಅರ್ಥ ಮಾಡಿಕೊಂಡು ತನ್ನ ಮಾತಿಗೆ ತಂದುಕೊಂಡಿದೆ. ತಪ್ಪು ಓದಿದ್ದಲ್ಲ ಅದು.

ಪುಸ್ತಕ ಆರಿಸಲು ಸಹಾಯ ಆಗಲಿ ಅಂತ ನಾನು ಬಣ್ಣದ ಚುಕ್ಕಿ ಅಂಟಿಸುತ್ತೇನೆ. ಒತ್ತಕ್ಷರ ಇಲ್ಲವೇ ಇಲ್ಲ ಅನ್ನುವಷ್ಟು ಸರಳ ಪುಸ್ತಕಕ್ಕೆ ಹಸಿರು. ಅಕ್ಕ, ಅಜ್ಜಿ, ಬೆಟ್ಟ ಥರದ ಸಜಾತಿ ಒತ್ತಕ್ಷರ ಇದ್ದರೆ ಹಳದಿ. ಪುಸ್ತಕ, ಸ್ನೇಹ, ರಾಷ್ಟ್ರ ಅಂತೆಲ್ಲ ಬಂದರೆ ಕೆಂಪು. ಮೊದಲ ವರ್ಷ ಚುಕ್ಕಿಯನ್ನು ಹೊರಗೆ ಅಂಟಿಸಿದ್ದೆ. ಒಂದೇ ವಾರದಲ್ಲಿ "ಏ ಹಸಿರೂ" ಅನ್ನುವುದು ಬೈಗುಳ ಆಗಿಹೋಯಿತು. ಈಗ ಹಿಂದಿನ ರಟ್ಟಿನ ಒಳಗೆ ಅಂಟಿಸುತ್ತೇನೆ. ಅದು ನನಗೆ ಮಾತ್ರ ಗೊತ್ತಿರುವ ಗುರುತು.

ನಾಟಕ, ಚಿತ್ರ, ಗೋಡೆ ಪತ್ರಿಕೆ, ಕ್ವಿಜ್ಜು

ಮರದ ಹುಡುಗಿಯ ಕಥೆ ಹೇಳಿದ ಮೇಲೆ ನನ್ನ ಅಭಿಪ್ರಾಯ ಗೊತ್ತಾಗಿರುತ್ತದೆ. ಇವು ಓದಿದ ಮೇಲೆ ಮಾಡುವ ಕೆಲಸಗಳು, ಓದಿನ ಬದಲು ಮಾಡುವ ಕೆಲಸಗಳಲ್ಲ. ಫೋಟೋ ಚೆನ್ನಾಗಿ ಬರುತ್ತದೆ ಅನ್ನುವುದು ನಿಜ. ಮೇಲಿನವರು ಕೇಳಿದಾಗ ತೋರಿಸಲು ಏನಾದರೂ ಇರುತ್ತದೆ ಅನ್ನುವುದೂ ನಿಜ. ಅದನ್ನು ಕಡೆಗಣಿಸಿ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ, ನಾನೂ ವರದಿ ಬರೆಯುವವಳೇ.

ಆದರೂ ಚಿತ್ರ ಬಿಡಿಸುವುದಕ್ಕೆ ಒಂದು ಜಾಗ ಇದೆ. ಮಾತಾಡದ ಮಗು, ಬರೆಯಲು ಬಾರದ ಮಗು, ಕೇಳಿದ ಕಥೆಯಲ್ಲಿ ಏನನ್ನು ಹಿಡಿದುಕೊಂಡಿತು ಅನ್ನುವುದು ಚಿತ್ರದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಗಟ್ಟಿ ಓದಿನ ಬಾಲಕ್ಕೆ ಹತ್ತು ನಿಮಿಷ ಇದನ್ನು ಕಟ್ಟಬಹುದು. ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು, ಡ್ರಾಯಿಂಗ್ ಶೀಟೇ ಬೇಕಿಲ್ಲ. ನಲಿಕಲಿ ಕೊಠಡಿಯಲ್ಲಿ ಹೇಗೂ ತಲೆ ಮೇಲೆ ದಾರ ಕಟ್ಟಿದ ಚಪ್ಪರ ಇರುತ್ತದೆ, ಅಲ್ಲೇ ನೇತುಹಾಕಿ.

ನಾಟಕ ವರ್ಷಕ್ಕೆ ಒಂದು, ಅದೂ ಲೈಬ್ರರಿ ಪೀರಿಯಡ್ಡಿನ ಹೊರಗೆ. ಬ್ಯಾಗ್ ಇಲ್ಲದ ಶನಿವಾರ ಸಿಕ್ಕರೆ ಅಲ್ಲಿಗೆ ತಳ್ಳಿ. ಕ್ವಿಜ್ಜಿನಲ್ಲಿ ಅದೇ ಮೂವರು ಕೈ ಎತ್ತುತ್ತಾರೆ. ಪುಸ್ತಕ ಓದಿ ಸಾರಾಂಶ ಬರೆಯಿರಿ ಅನ್ನುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಸಾರಾಂಶ ಬರೆಯಬೇಕು ಅಂತ ಗೊತ್ತಾದ ಮಕ್ಕಳು ಎಲ್ಲಕ್ಕಿಂತ ತೆಳ್ಳಗಿನ ಪುಸ್ತಕ ಹುಡುಕುತ್ತಾರೆ.

ಊರ ಕಥೆ ತಂದು ಪುಸ್ತಕ ಮಾಡುವುದು

ಇದು ನಿಧಾನದ ದಾರಿ. ಮಕ್ಕಳು ಅಜ್ಜಿಯನ್ನೋ ಪಕ್ಕದ ಮನೆಯ ತಾತನನ್ನೋ ಕೇಳಿ ಒಂದು ಕಥೆ ತರುತ್ತಾರೆ. ತರಗತಿಯಲ್ಲಿ ಹೇಳುತ್ತಾರೆ. ಟೀಚರ್ ಹಲಗೆ ಮೇಲೆ ಅವರ ಮಾತಿನಲ್ಲೇ ಬರೆಯುತ್ತಾರೆ. ಮಕ್ಕಳು ನಕಲು ಮಾಡಿ, ಚಿತ್ರ ಬಿಡಿಸಿ, ಮಧ್ಯೆ ದಾರದಲ್ಲಿ ಹೊಲಿದು ಪುಸ್ತಕ ಮಾಡುತ್ತಾರೆ. ಒಂದು ಪುಸ್ತಕಕ್ಕೆ ಐದಾರು ವಾರ.

ಬೀರುವಿನಲ್ಲಿ ಪುಸ್ತಕವೇ ಇಲ್ಲದ ಶಾಲೆಗೆ ಇದು ವರ. ಮನೆಮಾತು ಕನ್ನಡ ಅಲ್ಲದ ಊರಿಗೂ ಅಷ್ಟೇ. ಒಂದು ಪುಟದಲ್ಲಿ ಮನೆಮಾತು ಕನ್ನಡ ಲಿಪಿಯಲ್ಲಿ, ಎದುರು ಪುಟದಲ್ಲಿ ಕನ್ನಡ. ತಾವೇ ಮಾಡಿದ ಪುಸ್ತಕವನ್ನು ಮಕ್ಕಳು ಓದುವಷ್ಟು ಸಲ ಬೇರೆ ಯಾವುದನ್ನೂ ಓದುವುದಿಲ್ಲ, ಕೊನೆಗೆ ದಾರ ಕಿತ್ತು ಬರುತ್ತದೆ. ಆದರೆ ಟೀಚರ್ ಮೈ ಬಗ್ಗಿಸಬೇಕು. ನಡುವೆ ಎರಡು ವಾರ ತಪ್ಪಿದರೆ ಹಾಳೆಗಳೆಲ್ಲ ಎಲ್ಲೋ ಹೋಗುತ್ತವೆ. ವರ್ಷದಲ್ಲಿ ಒಂದು ಸುತ್ತು, ದಸರಾ ರಜೆಯಲ್ಲಿ ಕಥೆ ತರಲು ಹೇಳಿ ನವೆಂಬರಿನಲ್ಲಿ ಮಾಡಿದರೆ ಸರಿ.

ಪುಸ್ತಕವನ್ನು ಮನೆಗೆ ಕೊಡುವುದು

ಇದನ್ನು ಚಟುವಟಿಕೆ ಅಂತ ಯಾರೂ ಎಣಿಸುವುದಿಲ್ಲ. ಫೋಟೋ ಬರುವುದಿಲ್ಲ. ಆದರೆ ಉಳಿದವುಗಳಲ್ಲಿ ಯಾವುದನ್ನು ಆರಿಸಿದರೂ ಇದನ್ನು ಜೊತೆಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಹಟ. ಲೆಕ್ಕ ಸುಲಭ. ಪೀರಿಯಡ್ಡಿನಲ್ಲಿ ಮಗುವಿಗೆ ಸಿಗುವುದು ವಾರಕ್ಕೆ 40 ನಿಮಿಷ. ಪುಸ್ತಕ ಮನೆಗೆ ಹೋದರೆ ಆರು ದಿನ ಸಿಗುತ್ತದೆ. ಮನೆಯಲ್ಲಿ ತಮ್ಮನೂ ನೋಡುತ್ತಾನೆ, ಓದು ಬರುವ ಅಮ್ಮನೂ ಒಲೆ ಮುಂದೆ ಕೂತು ಓದುತ್ತಾಳೆ. ನಾನು ರಜೆಯಲ್ಲಿದ್ದರೂ ಇದು ನಡೆಯುತ್ತದೆ.

ಎಲ್ಲರಿಗೂ ಇರುವ ಭಯ ಒಂದೇ: ಕಳೆದು ಹೋದರೆ, ಹರಿದು ಹೋದರೆ? ಸ್ಟಾಕ್ ರಿಜಿಸ್ಟರ್ ನನ್ನ ಹೆಸರಲ್ಲಿ ಇದೆ, ಆಡಿಟ್‌ನಲ್ಲಿ ಕೇಳಿದರೆ? ನನಗೂ ಇತ್ತು. ಹಿಂದೆ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಇದೇ ಭಯಕ್ಕೆ ಎರಡು ವರ್ಷ ಮರದ ಬೀರುವಿಗೆ ಬೀಗ ಹಾಕಿ ಇಟ್ಟಿದ್ದೆ. ಬೇಸಿಗೆ ರಜೆ ಮುಗಿಸಿ ಬಂದು ತೆಗೆದರೆ ಕೆಳಗಿನ ಎರಡು ಸಾಲಿನ ಪುಸ್ತಕವನ್ನು ಗೆದ್ದಲು ತಿಂದಿತ್ತು. ಎತ್ತಿದರೆ ರಟ್ಟು ಮಾತ್ರ ಕೈಗೆ ಬಂತು. ಮಕ್ಕಳಿಗೆ ಕೊಡಲು ಶುರು ಮಾಡಿದ ಮೇಲೆ ಇಷ್ಟು ವರ್ಷದಲ್ಲಿ ಕಳೆದ ಪುಸ್ತಕ ಎಲ್ಲ ಸೇರಿಸಿದರೂ ಆ ಎರಡು ಸಾಲಿನಷ್ಟು ಆಗುವುದಿಲ್ಲ. ಗ್ರಂಥಾಲಯ ಶಾಸ್ತ್ರದಲ್ಲಿ ದೊಡ್ಡ ಹೆಸರಾದ ಎಸ್.ಆರ್. ರಂಗನಾಥನ್ ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಸಲಿಕ್ಕೆ ಅನ್ನುವುದು. ನನಗೆ ಅದನ್ನು ಗೆದ್ದಲು ಕಲಿಸಿತು.

ಕೆಲಸದ ವಿವರ ಹೇಳಿಬಿಡುತ್ತೇನೆ. ಇನ್ನೂರು ಪುಟದ ಒಂದು ನೋಟ್‌ಬುಕ್, ಪ್ರತಿ ಮಗುವಿಗೆ ಒಂದು ಪುಟ. ಪುಸ್ತಕದ ನಂಬರು, ಒಯ್ದ ದಿನ, ತಂದ ದಿನ, ಅಷ್ಟೇ. ವಾರಕ್ಕೆ ಇಬ್ಬರು ಮಕ್ಕಳು ಬರೆದುಕೊಳ್ಳುವವರು, ಸರದಿ ಮೇಲೆ ಎಲ್ಲರಿಗೂ ಬರುತ್ತದೆ. ದಂಡ ಹಾಕಬೇಡಿ. ದಂಡ ಇದ್ದರೆ ಹರಿದ ಪುಸ್ತಕ ವಾಪಸ್ ಬರುವುದೇ ಇಲ್ಲ. ಬದಲಿಗೆ ಒಂದು ರಟ್ಟಿನ ಡಬ್ಬ ಇಡಿ, ಹರಿದದ್ದನ್ನು ಅದರಲ್ಲಿ ಹಾಕಲಿ. ತಿಂಗಳಿಗೊಮ್ಮೆ ಆರು-ಏಳನೇ ತರಗತಿಯವರು ಗೋಂದು ಹಚ್ಚಿ, ದಾರ ಹಾಕಿ ಸರಿ ಮಾಡುತ್ತಾರೆ. ಸುಗ್ಗಿಗೆ ವಲಸೆ ಹೋಗುವ ಮನೆಗಳ ಮಕ್ಕಳ ಜೊತೆ ಒಂದೆರಡು ಪುಸ್ತಕ ಹೋಗಿಬಿಡುತ್ತವೆ. ಕೆಲವು ಆರು ತಿಂಗಳ ಮೇಲೆ ವಾಪಸ್ ಬಂದಿವೆ. ಬಾರದೆ ಇದ್ದದ್ದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹೇಳಿ ನಡಾವಳಿಯಲ್ಲಿ ಬರೆಸಿಬಿಡಿ. ಆಮೇಲೆ ನಿಮ್ಮ ತಲೆ ಮೇಲೆ ಬರುವುದಿಲ್ಲ.

ಕೈಯಲ್ಲಿ ಎಷ್ಟು ದುಡ್ಡಿದೆ?

ಒಂದು ರೂಪಾಯಿಯೂ ಇಲ್ಲ ಅಂದರೆ ಗಟ್ಟಿ ಓದು, ಊರ ಕಥೆ, ಜೊತೆಗೆ ಪಂಚಾಯಿತಿ ಲೈಬ್ರರಿ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳನ್ನು ಪುಕ್ಕಟೆ ಸದಸ್ಯರನ್ನಾಗಿ ಮಾಡಿಕೊಳ್ಳುತ್ತಾರೆ. ಈಗ ಬೋರ್ಡಿನಲ್ಲಿ ಅರಿವು ಕೇಂದ್ರ ಅಂತ ಇರುತ್ತದೆ. ನಡೆದು ಹೋಗುವಷ್ಟು ಹತ್ತಿರ ಇದ್ದರೆ ತಿಂಗಳಿಗೊಮ್ಮೆ ಪೀರಿಯಡ್ಡನ್ನು ಅಲ್ಲೇ ಮಾಡಿ. ದೂರ ಇದ್ದರೆ ಅಲ್ಲಿನ ಮೇಲ್ವಿಚಾರಕರನ್ನು ಮಾತಾಡಿಸಿ, ಒಂದಷ್ಟು ಪುಸ್ತಕ ತಿಂಗಳ ಮಟ್ಟಿಗೆ ಶಾಲೆಗೆ ಕೊಡುತ್ತಾರಾ ಕೇಳಿ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶ ಇದೆ. ಪ್ರಾಥಮಿಕ ಶಾಲೆಗೆ ಕಡಿಮೆ ಮೊತ್ತವೇ ಬರುವುದು. 5,000 ರೂಪಾಯಿ ಕೈಗೆ ಬಂತು ಅನ್ನೋಣ. ತೆಳು ಚಿತ್ರಪುಸ್ತಕಕ್ಕೆ ಐವತ್ತು-ಅರವತ್ತು ರೂಪಾಯಿ ಅಂತ ಹಿಡಿದರೆ 80ರಿಂದ 100 ಪುಸ್ತಕ. ನಲವತ್ತು ಮಕ್ಕಳ ಶಾಲೆಗೆ ಜೋಡಿ ಓದು ಮತ್ತು ಮನೆಗೆ ಕೊಡುವುದು ಎರಡೂ ಆರಾಮಾಗಿ ನಡೆಯುತ್ತವೆ. ನೂರಿಪ್ಪತ್ತು ಮಕ್ಕಳಿದ್ದರೆ ಜೋಡಿ ಓದು ಮಾತ್ರ, ಮನೆಗೆ ಕೊಡುವುದನ್ನು ತರಗತಿ ಸರದಿ ಮೇಲೆ ಮಾಡಿ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕ, ತೂಲಿಕಾ ಇವರೆಲ್ಲರ ಕನ್ನಡ ಮಕ್ಕಳ ಪುಸ್ತಕ ಸಿಗುತ್ತವೆ. ಒಂದು ಎಚ್ಚರ: "ಸೆಟ್" ಅಂತ ಕಟ್ಟು ಕಟ್ಟಿ ಕೊಡುವುದನ್ನು ತೆಗೆದುಕೊಳ್ಳಬೇಡಿ. ಅದರಲ್ಲಿ ಅರ್ಧ ನೀತಿಕಥೆ, ಅರ್ಧ ಸಾಮಾನ್ಯ ಜ್ಞಾನ. ಆರಿಸಿ ತನ್ನಿ. ಮಹಾಪುರುಷರ ಜೀವನ ಚರಿತ್ರೆ ಹತ್ತು ಇದ್ದರೆ ಸಾಕು, ಪ್ರಾಣಿ, ತಿಂಡಿ, ದೆವ್ವ, ನಗು ಬರಿಸುವ ಕಥೆ ಜಾಸ್ತಿ ಇರಲಿ.

ಎಸ್‌ಡಿಎಂಸಿಯಲ್ಲಿ "ಕಥೆ ಪುಸ್ತಕಕ್ಕೆ ಯಾಕೆ ದುಡ್ಡು, ಗೈಡ್ ತನ್ನಿ" ಅಂದರೆ ಹೇಳಲು ಒಂದು ಮಾತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆಗಳು, ಎಲ್ಲ ವಿಷಯದ ಪುಸ್ತಕಗಳು ಮತ್ತು ಕಥೆ ಪುಸ್ತಕ ಇರಬೇಕು ಅಂತ ಬರೆದಿದೆ.

ನಿಮ್ಮದು ಯಾವ ಥರದ ಶಾಲೆ?

ಒಬ್ಬರೇ ಶಿಕ್ಷಕರು, ಐದು ತರಗತಿ ಒಟ್ಟಿಗೆ ಕೂರುವ ಶಾಲೆ ಅಂದರೆ ಜೋಡಿ ಓದು. ನಿಮಗೆ ಕಷ್ಟ ಅನ್ನಿಸುವ ಈ ಬೆರಕೆ ಗುಂಪೇ ಅದಕ್ಕೆ ಬೇಕಾದದ್ದು. ದೊಡ್ಡವರು, ಚಿಕ್ಕವರು ಒಂದೇ ಕೊಠಡಿಯಲ್ಲಿ ಇದ್ದಾರೆ, ವೇಳಾಪಟ್ಟಿ ತಲೆನೋವು ಇಲ್ಲ.

ಬರೀ ನಲಿಕಲಿ ನೋಡುವವರು ಗಟ್ಟಿ ಓದಿಗೆ 25 ನಿಮಿಷ, ಪುಸ್ತಕ ಬದಲಾಯಿಸಲು ಹತ್ತು ನಿಮಿಷ ಇಟ್ಟುಕೊಳ್ಳಿ. ನಾಲ್ಕು-ಐದಕ್ಕೆ ಮೊದಲ ಅರ್ಧ ವರ್ಷ ಜೋಡಿ ಓದು, ಆಮೇಲೆ ಅವರವರ ಓದು. ಆರು-ಏಳಕ್ಕೆ ಅವರವರ ಓದೇ ಗಟ್ಟಿ ನೆಲ, ಆದರೆ ಹಿಂದುಳಿದವರನ್ನು ನಲಿಕಲಿ ಮಕ್ಕಳ ಜೊತೆ ಜೋಡಿ ಮಾಡುವುದನ್ನು ಮರೆಯಬೇಡಿ.

ಬೆಂಗಳೂರಿನಂಥ ಕಡೆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಕಲಿಸುವವರೂ ಕೇಳುತ್ತಾರೆ. ಅಲ್ಲಿ ಪುಸ್ತಕಕ್ಕೆ ಬರ ಇಲ್ಲ, ಆದರೆ ಕನ್ನಡದ ಕಪಾಟು ಮೂಲೆಯಲ್ಲಿ ಇರುತ್ತದೆ. ಮಕ್ಕಳು ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಓದುತ್ತಾರೆ, ಕನ್ನಡದಲ್ಲಿ ಅಕ್ಷರ ಕೂಡಿಸುತ್ತಾರೆ. ಹತ್ತು ವರ್ಷದ ಮಗುವಿಗೆ ಐದು ವರ್ಷದವರ ಕಥೆ ಕೊಟ್ಟರೆ ಮುಖ ತಿರುಗಿಸುತ್ತದೆ. ಅವರಿಗೆ ವಯಸ್ಸಿಗೆ ತಕ್ಕ ಕಥೆಯನ್ನು ನೀವೇ ಗಟ್ಟಿಯಾಗಿ ಓದಿ, ಅವರ ಕೈಗೆ ಮಾತು ಕಡಿಮೆ ಇರುವ ಕಾಮಿಕ್ಸ್ ಥರದ ಪುಸ್ತಕ ಕೊಡಿ.

ಇಷ್ಟು ಓದಿಯೂ ಗೊಂದಲ ಇದ್ದರೆ ಮೊದಲ ವಾರ ಏನನ್ನೂ ಆರಿಸಬೇಡಿ. ಬೀರು ತೆಗೆದು ಪುಸ್ತಕವನ್ನೆಲ್ಲ ಜಮಖಾನದ ಮೇಲೆ ಹರಡಿ, ಮಕ್ಕಳನ್ನು ಬಿಡಿ. ನೀವು ಒಂದು ಹಾಳೆ ಹಿಡಿದು ಮೂಲೆಯಲ್ಲಿ ಕೂತು ಮೂರು ಸಾಲು ಮಾಡಿ: ಓದುತ್ತಿರುವವರು, ಕೂಡಿಸಿ ಕೂಡಿಸಿ ಓದುವವರು, ಚಿತ್ರ ನೋಡಿ ತಿರುವುವವರು. ಯಾರಿಗೂ ಏನೂ ಹೇಳದೆ ಹೆಸರು ಬರೆದುಕೊಳ್ಳಿ. ಮೂರನೇ ಸಾಲು ಉದ್ದ ಆಯಿತಾ, ಗಟ್ಟಿ ಓದಿನಿಂದ ಶುರು ಮಾಡಿ. ಎರಡನೆಯದು ಉದ್ದ ಆದರೆ ಜೋಡಿ ಓದು. ಮೊದಲನೆಯದೇ ಉದ್ದ ಇದ್ದರೆ ಬೀರುವಿನ ಕೀಲಿಕೈಯನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟು, ನೀವೂ ಒಂದು ಪುಸ್ತಕ ಹಿಡಿದು ಕೂತುಕೊಳ್ಳಿ.